ಸಂದಿನ ಲೆಕ್ಕ

ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ
ಮಧ್ಯಾಹ್ನ ಮೂರಕ್ಕ ಕರೆಂಟು ಹೋತು.
ಬಾಜೂಕಿನ ದಾಲ್‌ಮಿಲ್ಲು ನಿಂತ ಕೂಡಲೇ
ತೊಗರಿ ಧೂಳು ನಿಧಾನಕ ಇಳೀಲಿಕ್ಕೆ ಹತ್ತಿತು
ನನ್ನ ಲೇಥಿನ ಮ್ಯಾಲ, ಚಾದ ಕಪ್ಪಿನ ಮ್ಯಾಲ,
ಅರಿವಿ ಹೊಚ್ಚಿಟ್ಟ ಇಂಜಿನ್ ಬ್ಲಾಕಿನ ಮ್ಯಾಲ.

ಇದಕ್ಕ ಕರೆಂಟು ಬ್ಯಾಡ. ಕೈ ಸಾಕು.

ಬೆಸುಗೆ ತಂತಿ ಎರಡು ತುಣುಕು,
ಜೋಳದ ಕಾಳಿನಷ್ಟು ಗ್ರೀಸು ಹಚ್ಚಿ
ಪಿಸ್ಟನ್ ನೆತ್ತಿಗೆ ಅಂಟಸಬೇಕು,
ಆ ತುದಿಗೆ ಒಂದು, ಈ ತುದಿಗೆ ಒಂದು,
ಪಿನ್ನು ಹಾದ ಗೆರಿ ಮ್ಯಾಲೇ.
ಗೆರಿ ಬಿಟ್ಟು ಇಟ್ಟರ ಪಿಸ್ಟನ್ ವಾಲತದ,
ವಾಲಿದ್ದು ಸುಳ್ಳು ಹೇಳತದ.
ಆಮ್ಯಾಲ ಹಳೇ ಗ್ಯಾಸ್ಕೆಟ್ಟು,
ಒಮ್ಮೆ ತುಳಿಸಿಕೊಂಡದ್ದು, ಇನ್ನು ಕುಗ್ಗದಂಥಾದ್ದು.
ಅದರ ಮ್ಯಾಲ ಹೆಡ್ಡು.
ಬೋಲ್ಟು ನಡುವಿನಿಂದ ಹೊರಗ, ಸುತ್ತ ಸುತ್ತ,
ಟಾರ್ಕ್ ಪಾನಾ ಟಕ್ ಅನ್ನೋತನಕ.
ಕ್ರ್ಯಾಂಕು ಕೈಲೆ ತಿರಗಸತೀನಿ.
ತುದಿ ಮುಟ್ಟೋ ಹೊತ್ತಿಗೆ ಒಂದು ಸಣ್ಣ ಬಿಗಿ,
ಬೆಂದ ಬ್ಯಾಳಿಯೊಳಗ ಬೇಯದ ಕಾಳು
ಬೆರಳಿಗೆ ಸಿಕ್ಕಂಗ.
ಅಲ್ಲೇ ತಂತಿ ಚಪ್ಪಟಿ ಆಗಿರತದ.

ಗಾಡಿ ಮೊಯಿಜೊದ್ದೀನನದು. ಹಳೇ ಮಾರುತಿ.
ಟರ್ಬೋ ಮಾತ್ರ ಹೈದರಾಬಾದಿನ ಭಂಗಾರದಾಗ ಹುಡುಕಿ
ಬಂಗಾರದಂಗ ಟವೆಲ್ಲಿನಾಗ ಸುತ್ತಿ ತಂದಾನ.
ಎದುರಿಗೆ ತಟ್ಟಿನ ಚೀಲದ ಮ್ಯಾಲ ಕುಂತು ಅಂದ:
ಭಾಗಕ್ಕಾ, ಎರಡು ಗ್ಯಾಸ್ಕೆಟ್ ಹಾಕಿಬಿಡು.
ಸಂದು ದೊಡ್ಡದಾದರ ಒತ್ತಡ ಇಳೀತದ,
ಇಂಜಿನ್ ಉಳೀತದ.

ಹಂಗೇ ಅನಸತದ. ಎಲ್ಲಾರಿಗೂ ಮೊದಲು ಹಂಗೇ ಅನಸತದ.

ನಮ್ಮಪ್ಪ ಅಂಬಾರಾಯ
ಈ ಗೋಡಿ ಆಚೆ ಇಪ್ಪತ್ತಾರು ವರ್ಷ ರೋಲರ್ ಕೂಡಿಸಿದವ.
ಹೊಸ ಮಾಲಕರು ಬಂದಾಗೊಮ್ಮೆ ಇದೇ ಮಾತು:
ಸಂದು ಬಿಡೋ, ಕಾಳು ನುಚ್ಚಾಗತದ.
ಅಂವ ಹ್ಞೂಂ ಅನ್ನಾಂವ, ಬಿಡತಿದ್ದಿಲ್ಲ.
ಬಿಗಿ ಆದರ ನುಚ್ಚು, ಖರೆ.
ಸಡ್ಲ ಬಿಟ್ಟರ ಸಿಪ್ಪಿ ಉಳೀತದಲ್ಲ,
ಸಿಪ್ಪಿ ಬ್ಯಾಳಿ ನಿಮ್ಮತ್ತಿ ಕೊಳ್ಳತಾಳೇನು?
ಚಿಟಿಕಿ ಹಿಟ್ಟು ನಾಲಿಗಿಗೆ ಹಚ್ಚಿಕೊಂಡು
ಸ್ಕ್ರೂ ಕಾಲು ಸುತ್ತು ತಿರುವಿ
ಬೀಡಿ ಹಚ್ಚಾಂವ.

ಮೊಯಿಜಾ, ಇಲ್ಲೂ ಹಂಗೇ.
ಅಂಚಿನ ಸಂದು ಬಿಗಿ ಇದ್ದರ
ಅಲ್ಲಿ ಗಾಳಿ ಹಿಂಡಿಸಿಕೊಂಡು ನಡುವಕ ಚಿಮ್ಮತದ,
ಬೆಂಕಿ ಒಂದೇ ದಮ್ಮಿಗೆ ಓಡತದ.
ಸಡ್ಲ ಆತಂದ್ರ ಮೂಲಿಯಾಗ ಒಂದೀಟು ಗ್ಯಾಸು
ಸುಮ್ಮನ ಕುಂತಿರತದ, ಕಾಯತದ,
ಬೆಂಕಿ ಮುಟ್ಟೋಕಿಂತ ಮೊದಲ ತಾನೇ ಸಿಡೀತದ.
ಉಳಿಸಲಿಕ್ಕೆ ಬಿಟ್ಟ ಜಾಗಾನೇ ಪಿಸ್ಟನ್ ತಿಂತದ.
ಒತ್ತಡ ಇಳಸೋದು ಅದಕಿಲ್ಲ ಬ್ಯಾರೆ ದಾರಿ ಅದ:
ನೆತ್ತಿ ನಡುವ ಬಟ್ಟಲ ತೋಡೀನಿ, ನೋಡು.
ಅಂಚು ಮಾತ್ರ ಮುಟ್ಟಂಗಿಲ್ಲ.
ಒಂದು ಮಿಲಿಮೀಟರು, ಮ್ಯಾಲೊಂದು ಕೂದಲ.
ಆ ಕೂದಲ ಯಾಕಂದ್ರ
ಏಳು ಸಾವಿರ ಸುತ್ತಿನಾಗ ಉಕ್ಕೂ ಮೈ ಮುರೀತದ.

ಅಂವ ಫೋನಿನ ಬ್ಯಾಟರಿ ಹಿಡದ.
ನಾ ಮೈಕ್ರೋಮೀಟರಿನಾಗ ತಂತಿ ಹಿಡದೆ.
ಮೊದಲನೇದು, ಒಂದು ಪಾಯಿಂಟ್ ಸೊನ್ನೆ ನಾಲ್ಕು, ಎರಡೂ ತುದಿಗೆ.
ಎರಡನೇದು, ಸೊನ್ನೆ ಐದು.
ನಾಲ್ಕನೇದು ಮತ್ತ ಸೊನ್ನೆ ನಾಲ್ಕು.
ಮೂರನೇದು ಈ ತುದಿಗೆ ಪಾಯಿಂಟ್ ಒಂಬತ್ತೊಂದು,
ಆ ತುದಿಗೆ ಒಂದು ಪಾಯಿಂಟ್ ಒಂದು ಎಂಟು.

ಸರಾಸರಿ ತೆಗಿ ಅಕ್ಕಾ, ಅಂದ ಮೊಯಿಜ್,
ಸರಿ ಬರತದ.

ಬರತದ. ಲೆಕ್ಕ ನನಗೂ ಬರತದ.
ಆದರ ಮೂರನೇದಕ್ಕ ತಂತಿ ಅಂಟಿಸುವಾಗ
ನಿನ್ನ ಎರಡು ಗ್ಯಾಸ್ಕೆಟ್ಟಿನ ಕೂಡ ಜಗಳಾಡಕೋತಿದ್ದೆ.
ಗೆರಿ ತಪ್ಪಿರಬೇಕು ಕೈ.

ಕರೆಂಟು ಬಂತು. ಗೋಡಿ ಆಚೆ ರೋಲರ್ ಎದ್ದವು,
ಟ್ರೇದಾಗಿನ ವಾಷರು ಕಿಣಿಕಿಣಿ ಅಂದವು.
ಸಂದು ಯಾರು ಕೂಡಸ್ಯಾರೋ ಈಗ,
ಸಪ್ಪಳ ಒಂಚೂರು ಸಡ್ಲ ಕೇಳತದ.

ಪಾನಾ ಕೊಡು ಇತ್ತ.
ಬಿಚ್ಚೋದು ಹೊರಗಿನಿಂದ ಒಳಗ.
ಇನ್ನಾ ಎರಡು ತುಣುಕು ತಂತಿ ಕತ್ತರಸು,
ಬಾಯಿ ಮುಚ್ಚಕೊಂಡು.